ಹೊಸ್ತಿಲಿಗೆ ಮುಟ್ಟಿದ ಮಾತು

ಇದ್ದದ್ದನ್ನು ಇದ್ದ ಹಾಗೆಯೇ ಹೇಳಿಬಿಡಲೇ? ಒಂದಿಷ್ಟು ಮೆತ್ತಗೆ ಮಾಡಿ ಹೇಳಿದರೆ ಯಾರಿಗೇನು ನಷ್ಟ? ಆದರೆ ಮೆತ್ತಗೆ ಮಾಡುವುದೂ ಸುಳ್ಳೇ ತಾನೆ. ಮುಟ್ಟಿದ ಮಾತು ನಿಜವೋ ಸುಳ್ಳೋ ನೋಡುವುದಕ್ಕೇ ಅಲ್ಲವೇ ಇಷ್ಟು ಜನ ಕೆಲಸ ಬಿಟ್ಟು ಬಂದು ಇಲ್ಲಿ ಕೂತಿರುವುದು? ಯಮನೂರಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ಅವನ ಮಗಳು ಸಾವಂತ್ರಿ ಆಗಷ್ಟೇ ಮಾತು ಮುಗಿಸಿ, ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಪುರಸಭೆಯ ಮಾಳಿಗೆಯ ಮೇಲಿದ್ದ ಎಲ್ಲರಿಗೂ ಅವಳ ಮಾತು ಕೇಳಿಸಿತ್ತು. ಕೇಳಿಸದೆ ಇದ್ದದ್ದು ಅವಳ ಅಪ್ಪನಿಗೆ ಮಾತ್ರ. ಅವನು ಅಕ್ಕಪಕ್ಕದವರ ಮುಖ ನೋಡಿದ. ಅವರು ಕಣ್ಣು ತಪ್ಪಿಸಿದರು. ಕಡೆಗೆ ನನ್ನ ಕಡೆಗೆ ತಿರುಗಿದ. ಮಗಳ ಮಾತನ್ನು ಅವನಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆ ಊರಿನಲ್ಲಿ ಮಕ್ಕಳು ಆರನೇ ತರಗತಿಗೆ ಬರುತ್ತಿದ್ದಂತೆ ಅವರ ದನಿ ಮನೆಯವರಿಗೆ ಕೇಳಿಸುವುದು ನಿಂತುಹೋಗುತ್ತದೆ. ಎಂಟನೆಯದು ಮುಗಿದ ಬೇಸಿಗೆಯಲ್ಲಿ ಮತ್ತೆ ಕೇಳಿಸತೊಡಗುತ್ತದೆ. ನಡುವಿನ ವರ್ಷಗಳಲ್ಲಿ ಮಗು ಕೂಗಿದರೂ ಅತ್ತರೂ ಹಾಡಿದರೂ ಅಪ್ಪ ಅವ್ವ ಅಜ್ಜಿ ಅಣ್ಣ ತಂಗಿ ಯಾರಿಗೂ ಕೇಳುವುದಿಲ್ಲ. ತುಟಿ ಅಲ್ಲಾಡುವುದು ಕಾಣುತ್ತದೆ, ಅಷ್ಟೆ. ಓಣಿಯವರಿಗೆ, ಮಾಸ್ತರರಿಗೆ, ಹಾಲಿನವನಿಗೆ ಎಲ್ಲವೂ ಕೇಳುತ್ತದೆ. ಊರಿನವರು ಇದನ್ನು ಹಲ್ಲು ಬಿದ್ದು ಹುಟ್ಟುವುದರ ಹಾಗೆ ನೋಡುತ್ತಾರೆ. ಪ್ರತಿ ಮನೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಪಾಟಿ ನೇತಾಡುತ್ತಿರುತ್ತದೆ. ಅದರ ಮೇಲೆ ಮಕ್ಕಳು ಬರೆಯುತ್ತಾರೆ: ಪೆನ್ನು ಬೇಕು, ಉಪ್ಪಿಟ್ಟು ಬೇಡ, ನಾಳೆ ಶಾಲೆ ಇಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಯಾವ ಮಗುವೂ ಪಾಟಿಯ ಮೇಲೆ ಬರೆದದ್ದನ್ನು ನಾನು ನೋಡಲಿಲ್ಲ.

ಅದಕ್ಕೆಂದೇ ಅಲ್ಲಿ ಕಿವಿಮನೆ ಇದೆ. ಹಳೆಯ ಸುಣ್ಣದ ಗೋದಾಮಿನ ಪಡಸಾಲೆ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರುತ್ತಾರೆ. ಬೇರೆ ಬೇರೆ ಓಣಿಗಳ ಹಿರಿಯರು ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಮಗು ತನಗೆ ಬೇಕಾದವರ ಮುಂದೆ ಕೂತು ಹೇಳಬೇಕಾದ್ದನ್ನು ಹೇಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಆ ಹಿರಿಯರು ಮಗುವಿನ ಜೊತೆ ಅದರ ಮನೆಗೆ ಹೋಗಿ, ಒಳಗೆ ಕಾಲಿಡದೆ, ಹೊಸ್ತಿಲಿನ ಆಚೆಯೇ ನಿಂತು ಮಾತು ಮುಟ್ಟಿಸುತ್ತಾರೆ. ಮುಟ್ಟಿಸುವಾಗ ‘ನಿಮ್ಮ ಮಗ ಹೀಗೆ ಅಂದ’ ಎನ್ನುವಂತಿಲ್ಲ. ‘ನಾನು’ ಎಂದೇ ಹೇಳಬೇಕು. ಮೊದಲ ಸಂಜೆ ನಾನು ಒಬ್ಬ ದಪ್ಪ ಮೀಸೆಯ ಮನುಷ್ಯ ಒಂದು ಹೊಸ್ತಿಲ ಮುಂದೆ ಕೈಕಟ್ಟಿ ನಿಂತು, ಗಂಟಲು ಸರಿಮಾಡಿಕೊಂಡು, “ಯವ್ವಾ, ನನಗ ಲಂಗಾ ಬಿಗಿ ಆಗೇತಿ. ತಂಗೀಗೆ ಕೊಡು. ನನಗ ಹಸರ ಬಣ್ಣದ್ದ ತಾ” ಎಂದದ್ದನ್ನು ಕಂಡು ನಕ್ಕುಬಿಟ್ಟಿದ್ದೆ. ಅಲ್ಲಿ ನಕ್ಕವನು ನಾನೊಬ್ಬನೇ. ಒಳಗಿನಿಂದ ಬಂದ ಅವ್ವ, “ಆತು ಬಂಗಾರಾ, ಹಬ್ಬಕ್ಕ ಹೊಲಸ್ತೀನಿ” ಎಂದು ಮಗಳ ತಲೆ ಸವರಿದ್ದಳು. ಮೀಸೆಯವನು ಹೋಗಿ ಇನ್ನೊಂದು ಮನೆಯ ಮುಂದೆ ನಿಂತ.

ಆ ಮೀಸೆಯವನೇ ಗುರುಪಾದಪ್ಪ. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗಿ ನಿವೃತ್ತನಾದವನು. ಅವನು ಪಿಸುಗುಟ್ಟಿದರೂ ಎದುರು ಅಂಗಡಿಯವನು ತಿರುಗಿ ನೋಡುತ್ತಿದ್ದ.

ನಾನು ಆ ಊರಿಗೆ ಹೋದದ್ದು ಕೆಲಸದ ಮೇಲೆ. ಸಮಾಜಕಾರ್ಯದಲ್ಲಿ ಪದವಿ ಮುಗಿಸಿ, ಮನೆಯಲ್ಲಿ ಬಹಳ ದಿನ ಕಿಟಕಿಯ ಬಳಿ ಕೂತು ಕಳೆದಿದ್ದೆ. ನಮ್ಮ ಮನೆಯಲ್ಲಿ ಎಲ್ಲರ ದನಿಯೂ ಎಲ್ಲರಿಗೂ ಕೇಳುತ್ತಿತ್ತು. ಆದರೂ ಯಾರೂ ಏನೂ ಹೇಳಿಕೊಳ್ಳುತ್ತಿರಲಿಲ್ಲ. ಅಪ್ಪ ಪತ್ರಿಕೆಯ ಹಿಂದೆ ಇರುತ್ತಿದ್ದರು, ಅವ್ವ ಅಡುಗೆಮನೆಯಲ್ಲಿ. ಆ ಮೌನದಲ್ಲಿ ಏನಿದೆ ಎಂದು ತಿಳಿಯುವುದೇ ನನ್ನ ಬಾಲ್ಯದ ದೊಡ್ಡ ಉದ್ಯೋಗವಾಗಿತ್ತು. ಹಾಗಾಗಿ, ನಡುತರಗತಿಯ ಮಕ್ಕಳಿಗಾಗಿ ಒಂದು ಊರು ನಡೆಸುತ್ತಿರುವ ಸಂಜೆ ಕಾರ್ಯಕ್ರಮಗಳನ್ನು ಊರವರ ಜೊತೆ ಕೂತು ಒರೆಗೆ ಹಚ್ಚಬೇಕು, ಎಲ್ಲರ ದನಿಯೂ ಕೇಳುವ ಹೊರಗಿನವನೇ ಆಗಬೇಕು ಎಂಬ ಕರೆ ಬಂದಾಗ ಎರಡನೇ ಮಾತಿಲ್ಲದೆ ಹೊರಟೆ.

ಕರೆದವಳು ಕಾಶಕ್ಕ. ಮಕ್ಕಳ ಸಮಿತಿಯ ಮುಖ್ಯಸ್ಥೆ, ಸುಣ್ಣದ ಭಟ್ಟಿಯೊಂದರ ಒಡತಿ. ರೆಪ್ಪೆಯ ಕೂದಲಿನ ಮೇಲೂ ಬಿಳಿ ಪುಡಿ ಕೂತಿರುತ್ತಿತ್ತು. “ಮೂರು ನಡಸ್ತೀವಿ ತಮ್ಮಾ,” ಎಂದಳು ಮೊದಲ ದಿನವೇ. “ಕಲ್ಲುಕ್ವಾರಿ ಹೊಂಡದಾಗ ಖಾದರಸಾಬ ಈಜು ಕಲಸ್ತಾನ. ಗುಡಿ ಹಿಂದ ಓದುಮನಿ ಐತಿ. ಆಮ್ಯಾಲೆ ಕಿವಿಮನಿ. ಮೂರೂ ಛಲೋ ಅಂತ ನಾವು ಅಂತೀವಿ. ನಾವು ಅಂದ್ರ ಆತೇನು? ಯಾವುದು ಇರಬೇಕು, ಯಾವುದು ತಿದ್ದಬೇಕು, ಯಾವುದು ಬಂದ್ ಮಾಡಬೇಕು, ಎಲ್ಲಾರೂ ಕೂಡಿ ಹೇಳ್ರಿ. ಮಕ್ಕಳನ್ನೂ ಕೂಡಿಸ್ಕೊಂಡು.”

ನನ್ನ ಬಳಿ ವಿಶ್ವವಿದ್ಯಾಲಯದಿಂದ ತಂದ ಹಾಳೆಗಳಿದ್ದವು. ಒಂದೊಂದು ಪ್ರಶ್ನೆಯ ಎದುರಿಗೂ ಐದು ಮುಖಗಳು: ಅಳುವ ಮುಖದಿಂದ ಹಿಡಿದು ಹಲ್ಲು ಕಿರಿಯುವ ಮುಖದವರೆಗೆ. ಮಕ್ಕಳು ಎಲ್ಲ ಪ್ರಶ್ನೆಗಳಿಗೂ ಹಲ್ಲು ಕಿರಿಯುವ ಮುಖಕ್ಕೇ ಗುರುತು ಹಾಕಿ ಕೊಟ್ಟರು. ಏಳನೇ ತರಗತಿಯಲ್ಲಿ ಅಜ್ಜಪ್ಪ ಎಂಬ ಹುಡುಗನಿದ್ದ. ಆ ಹೆಸರಿಗೆ ತಕ್ಕ ಹಾಗೆ ಮುದುಕರಂತೆ ಹುಬ್ಬು ಗಂಟಿಕ್ಕಿ ಮಾತಾಡುತ್ತಿದ್ದ. “ಎಲ್ಲವೂ ಇಷ್ಟು ಚೆನ್ನಾಗಿದೆಯೇನಪ್ಪ?” ಎಂದು ಅವನನ್ನು ಕೇಳಿದೆ.

“ಸರ, ಅಳೂ ಮಾರಿಗೆ ಟಿಕ್ ಹಾಕಿದ್ರ ನೀವು ಸುಮ್ನ ಬಿಡ್ತೀರೇನ್ರಿ? ಯಾಕ ಅಳ್ತಿ, ಯಾರು ಅಳಿಸಿದ್ರು ಅಂತ ಕೇಳ್ಕೋತ ಬೆನ್ನು ಹತ್ತತೀರಿ. ನಗೂ ಮಾರಿ ಹಾಕಿದ್ರ ಆಟಕ್ಕ ಬಿಡ್ತೀರಿ.”

ಕಾಶಕ್ಕ ಗೊಳ್ಳೆಂದು ನಕ್ಕಳು. “ಕೇಳಿದ್ಯಾ? ನಿನ್ನ ಮಾರಿಗಳನ್ನ ಚೀಲದಾಗ ಇಡು. ಅಜ್ಜಪ್ಪಾ, ನೀನಾಗಿದ್ರ ಹ್ಯಾಂಗ ಕೇಳ್ತಿದ್ದಿ?”

ಅಜ್ಜಪ್ಪ ಯೋಚಿಸಿದ. “ನಮ್ಮನ್ನ ಕೇಳೂದು ಬಿಡ್ರಿ. ನಾವು ನಿಮ್ಮನ್ನ ಕೇಳ್ತೀವಿ.”

ಹೀಗೆ ಶುರುವಾಯಿತು. ತಂದೆತಾಯಿಗಳು, ಕಾರ್ಯಕ್ರಮ ನಡೆಸುವವರು, ಮಕ್ಕಳು ಮೂರು ಗುಂಪಾಗಿ ಕೂತು ತಂತಮ್ಮ ಪ್ರಶ್ನೆ ಮಾಡಿಕೊಳ್ಳಬೇಕು, ಒಂದು ಗುಂಪಿನ ಪ್ರಶ್ನೆಗೆ ಇನ್ನೊಂದು ಗುಂಪು ಉತ್ತರ ಕೊಡಬೇಕು, ಕೊನೆಗೆ ಎಲ್ಲರೂ ಕೂಡಿ ತೀರ್ಮಾನ ಹೇಳಬೇಕು ಎಂದಾಯಿತು. ಕಿವಿಮನೆಯ ಬಗ್ಗೆ ಮಕ್ಕಳ ಪ್ರಶ್ನೆ ಒಂದೇ: ಮುಟ್ಟಿದ್ದೇನು? ಮನೆಯವರು ತಮಗೆ ಮುಟ್ಟಿದ ಮಾತನ್ನು ಎದ್ದು ಹೇಳುವುದು, ಮಗು ತಾನು ಕಳಿಸಿದ್ದು ಅದೇ ಹೌದೋ ಅಲ್ಲವೋ ಹೇಳುವುದು. ಇಷ್ಟು ಸರಳವಾದದ್ದು ನನಗೆ ಓದಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

ಸಭೆಗೆ ಮೊದಲು ಮೂರೂ ಕಡೆ ಕೂತು ನೋಡಬೇಕೆಂದು ನಾನು ಕಿವಿಮನೆಗೆ ಹೋಗತೊಡಗಿದೆ. ಅಲ್ಲಿಯೇ ಸಾವಂತ್ರಿಯನ್ನು ಕಂಡದ್ದು. ಎಂಟನೇ ತರಗತಿಯವಳು. ಅವಳು ಆರನೆಯದಕ್ಕೆ ಕಾಲಿಟ್ಟ ವರ್ಷವೇ ಅವ್ವ ಜ್ವರದಲ್ಲಿ ತೀರಿಕೊಂಡಿದ್ದಳು. ಸಂಜೆ ಬಂದು ಗುರುಪಾದಪ್ಪನ ಚಾಪೆಯ ತುದಿಯಲ್ಲಿ ಕೂರುತ್ತಿದ್ದಳು. ಅವನು, “ಹೂಂ, ಹೇಳು ತಂಗಿ” ಎನ್ನುತ್ತಿದ್ದ. ಅವಳು ಹೇಳುತ್ತಿರಲಿಲ್ಲ. ಅವನು ಒತ್ತಾಯ ಮಾಡುತ್ತಿರಲಿಲ್ಲ. ಉಳಿದ ಮಕ್ಕಳದ್ದು ಕೇಳಿ ಮುಗಿಸಿ ಮತ್ತೆ ಅವಳ ಕಡೆ ತಿರುಗಿ, ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ. ಬಸ್‌ಸ್ಟ್ಯಾಂಡ್ ತುಂಬುವಷ್ಟು ದನಿಯಿದ್ದ ಮನುಷ್ಯ ಒಂದು ಹುಡುಗಿಯ ಎದುರು ಅಷ್ಟು ಹೊತ್ತು ಮಾತಿಲ್ಲದೆ ಕೂರುವುದು ನೋಡಲು ಹಿತವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಎದ್ದು ಹೊರಡುತ್ತಿದ್ದರು.

ಹೇಳದ ಹುಡುಗಿಯ ಮನೆಗೆ ಇವನು ಏನು ಒಯ್ಯುತ್ತಾನೆ? ಒಂದು ಸಂಜೆ ಅವರ ಹಿಂದೆಯೇ ನಡೆದೆ.

ಭಟ್ಟಿ ಓಣಿಯ ಕೊನೆಯ ಮನೆ. ಯಮನೂರಪ್ಪ ಭಟ್ಟಿಯಲ್ಲಿ ಬೆಂಕಿ ನೋಡುವವನು. ಆಗಷ್ಟೇ ಮೈ ತೊಳೆದು, ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದ. ನಮ್ಮನ್ನು ಕಂಡೊಡನೆ ಟವೆಲಿನಿಂದ ಮುಖವನ್ನು ಇನ್ನೊಮ್ಮೆ ಒರೆಸಿಕೊಂಡ, ಯಾರೋ ದೊಡ್ಡವರು ಬಂದ ಹಾಗೆ. ಸಾವಂತ್ರಿ ಹೊಸ್ತಿಲ ಬಳಿ ಗೋಡೆಗೆ ಒರಗಿ ನಿಂತಳು. ಗುರುಪಾದಪ್ಪ ಕೈಕಟ್ಟಿದ.

“ಅಪ್ಪಾ, ಉಂಡಿ ಏನು?”

“ಇಲ್ಲ ತಂಗಿ, ನೀ ಬಾ ಅಂತ ಕುಂತೀನಿ. ರೊಟ್ಟಿ ಮಾಡಿಟ್ಟೀನಿ.” ಯಮನೂರಪ್ಪ ಉತ್ತರ ಕೊಟ್ಟದ್ದು ಗುರುಪಾದಪ್ಪನಿಗಲ್ಲ, ಮಗಳ ಮುಖ ನೋಡಿಕೊಂಡು.

“ಅಪ್ಪಾ, ನಿನ್ನ ಬಲಗೈ ಮ್ಯಾಲೆ ಸುಟ್ಟ ಕಲಿ ಐತೆಲ್ಲ, ಅದು ಹ್ಯಾಂಗ ಆತು?”

ಯಮನೂರಪ್ಪ ಕೈಯನ್ನು ತಿರುಗಿಸಿ ನೋಡಿಕೊಂಡ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ನೆರಿಗೆ ಹಿಡಿದಿತ್ತು. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಮಗಳನ್ನು ನೋಡಿದ, ಗುರುಪಾದಪ್ಪನನ್ನು ನೋಡಿದ, ಮತ್ತೆ ಕೈ ನೋಡಿಕೊಂಡ. ಹಳೆಯ ನೋವು ನೆನಪಾಗಿರಬೇಕು ಎಂದುಕೊಂಡೆ.

“ಅದೇನಂದ್ರ,” ಎಂದ ಕಡೆಗೆ, “ನಿಮ್ಮವ್ವ ಬುತ್ತಿ ತಗೊಂಡು ಭಟ್ಟಿಗೆ ಬಂದಿದ್ಲು. ನಾನು ಅಕೀ ಕಡೆ ನೋಡ್ಕೋತ ಕಲ್ಲು ಒಗದೆ. ಭಟ್ಟಿ ಬಾಯಿಂದ ಕೆಂಡ ಸಿಡದು ತೋಳಿನ ಮ್ಯಾಲ ಬಿತ್ತು. ನಿಮ್ಮವ್ವ ಬುತ್ತಿ ಕೈಬಿಟ್ಟು ಲಬೋ ಲಬೋ ಹೊಯ್ಕೊಂಡ್ಲು. ಅಷ್ಟರಾಗ ಸುಣ್ಣದ ತಿಳಿನೀರು, ಎಣ್ಣಿ ಬಂತು. ತಂದವರ ಕೈ ಎಷ್ಟು ನಡಗತಿತ್ತಂದ್ರ, ಅರ್ಧ ತಿಳಿ ನೆಲಕ್ಕ ಚಲ್ಲಿತ್ತು. ಉಳದ ಅರ್ಧಾನ ಹಚ್ಚಿದ್ದು. ಅದಕ್ಕ ಕೈ ಉಳೀತು. ಆಮ್ಯಾಲೆ ನಿಮ್ಮವ್ವ ಮೂರು ದಿನ ನನ್ನ ಕೂಡ ಮಾತು ಬಿಟ್ಲು. ಯಾಕಂದ್ರ, ನನ್ನ ಯಾಕ ನೋಡಿದಿ, ಬೆಂಕಿ ನೋಡಬೇಕಿಲ್ಲೇನು ಅಂತ!” ಅವನು ನಕ್ಕ. ಸಾವಂತ್ರಿ ಗೋಡೆಗೆ ಒರಗಿದ್ದವಳು ನಿಧಾನವಾಗಿ ಜಾರಿ ಕುಕ್ಕರುಗಾಲಿನಲ್ಲಿ ಕೂತು, ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದಳು.

ಹಿಂದಿರುಗುವ ದಾರಿಯಲ್ಲಿ ಗುರುಪಾದಪ್ಪ ನಾನು ಕೇಳುವ ಮೊದಲೇ ಹೇಳಿದ. “ಗೊತ್ತಾತು ನಿಮಗ. ನೀವು ಪಡಸಾಲ್ಯಾಗ ಕುಂತಿದ್ರಿ.”

“ಎಷ್ಟು ದಿನದಿಂದ?”

“ಮೊದಲಿಂದ.” ಅವನು ನಿಂತ. ಆ ದೊಡ್ಡ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. “ಮೊದಲನೇ ದಿನ ಏನೂ ಇಲ್ಲ ಅಂತ ಹೇಳಾಕ ಅಂತನ ಹೋದೆ ಸರ. ಹೋಗಿ ನೋಡಿದ್ರ ಅವ ಹೊಸ ಅಂಗಿ ಹಾಕ್ಕೊಂಡು ಬಾಗಲದಾಗ ಕುಂತಾನ. ಹೆಂಡ್ತಿ ಸತ್ತು ಹದಿನೈದು ದಿನ ಆಗಿತ್ತು. ಬರಿ ಕೈಲೆ ಹ್ಯಾಂಗ ನಿಂದರ್ಲಿ ಆ ಹೊಸ್ತಿಲಕ್ಕ? ಅಪ್ಪಾ ಉಂಡಿ ಏನು ಅಂದೆ. ಅಷ್ಟ ಅಂದೆ. ಅವ ಅಳಾಕ ಹತ್ತಿದ. ಮರುದಿನಕ್ಕ ಇನ್ನೊಂದು ಬೇಕಾತು.”

“ಅವಳು ಬೇಡ ಅನ್ನಲಿಲ್ಲವೆ?”

“ಇಲ್ಲ. ಅಂದಿದ್ರ ಬಿಡ್ತಿದ್ದೆ. ಸುಮ್ನ ನಿಂದರ್ತಾಳ.” ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದ. “ನಮ್ಮಲ್ಲಿ ಕಾಯ್ದೆ ಒಂದ ಐತ್ರಿ. ಕಳಿಸದ ಮಾತು ಮುಟ್ಟಿಸಿದವ ಮತ್ತ ಯಾರ ಹೊಸ್ತಿಲಕ್ಕೂ ನಿಂದ್ರಾಂಗಿಲ್ಲ. ನಮ್ಮಪ್ಪನ ಕಾಲದಿಂದ ಐತಿ. ಹೇಳೂದಾದ್ರ ಹೇಳ್ರಿ. ನಾ ತಪ್ಪಿಸ್ಕೊಳ್ಳಾಂವ ಅಲ್ಲ. ಆದ್ರ ಇನ್ನೊಂದು ತಿಂಗಳಿಗೆ ಅಕೀದು ಎಂಟನೇದು ಮುಗೀತೈತಿ. ದನಿ ಕೇಳಾಕ ಹತ್ತತೈತಿ. ಅವಾಗ ಮಗಳು ದಿನಾ ಕೇಳಿದಂಗ ಕೇಳ್ತಾಳಂತ ಅವ ಕುಂತಿರ್ತಾನ. ಅಕೀ ಸುಮ್ನ ಇದ್ರ?”

ನಾನು ಯಾರಿಗೂ ಹೇಳಲಿಲ್ಲ. ಹೇಳದಿರುವುದು ಸರಿಯೆಂದು ತೋರಿತು ಎನ್ನಲಾರೆ. ಮಕ್ಕಳ ಪ್ರಶ್ನೆ ಹೇಗೂ ಸಭೆಗೆ ಬರುವುದಿತ್ತು. ಅವರ ಪ್ರಶ್ನೆಗೆ ಸಿಗಬೇಕಾದ ಉತ್ತರವನ್ನು ನಾನು ಮೊದಲೇ ಕಿತ್ತುಕೊಂಡು ಹೋಗಿ ಕಾಶಕ್ಕನ ಕೈಗೆ ಕೊಟ್ಟರೆ ಎಲ್ಲರೂ ಕೂಡಿ ನೋಡುವುದು ಎಂಬ ಮಾತಿಗೆ ಏನು ಅರ್ಥ ಎಂದು ಯೋಚಿಸಿದೆ. ಹೀಗೆ ಯೋಚಿಸುವಾಗಲೆಲ್ಲ, ಟವೆಲಿನಿಂದ ಇನ್ನೊಮ್ಮೆ ಮುಖ ಒರೆಸಿಕೊಂಡ ಆ ಮನುಷ್ಯ ಕಣ್ಣೆದುರು ಬರುತ್ತಿದ್ದ.

ಸಭೆ ಭಾನುವಾರ ಬೆಳಿಗ್ಗೆ ಪುರಸಭೆಯ ಮಾಳಿಗೆಯ ಮೇಲೆ ನಡೆಯಿತು. ಒಬ್ಬೊಬ್ಬ ತಂದೆತಾಯಿಯ ಪಕ್ಕದಲ್ಲಿ ಬೇರೆ ಮನೆಯವರೊಬ್ಬರು, ಅವರ ಮಗು ಎದ್ದು ಮಾತಾಡಿದಾಗ ಮುಟ್ಟಿಸುವುದಕ್ಕೆಂದು. ಹೀಗಾಗಿ ಮಾಳಿಗೆಯ ತುಂಬ ಒಂದು ಮಾತು ಎರಡೆರಡು ಸಲ ಕೇಳುತ್ತಿತ್ತು, ಬಾವಿಯಲ್ಲಿ ಕೂಗಿದ ಹಾಗೆ. ಮೊದಲು ಈಜಿನ ಸರದಿ. ಮಕ್ಕಳ ಪರವಾಗಿ ಅಜ್ಜಪ್ಪ ಎದ್ದ. “ಖಾದರ ಮಾಮಾ ಕಡೆ ಹೋದ್ರ ಈಜು ಬರ್ತೈತಿ. ಬೈಗಳಾನೂ ಬರ್ತಾವ. ಈಜು ಇಟ್ಕೊಳ್ರಿ, ಬೈಗಳಾ ತಗೀರಿ.” ಖಾದರಸಾಬ ಎದ್ದು, “ಬೈದಿಲ್ಲಂದ್ರ ನೀ ಮುಳಗ್ತಿದ್ದಿ ಮಗನ!” ಎಂದ. “ನೋಡ್ರಿ, ಈಗೂ ಅಂದ್ರು” ಎಂದ ಅಜ್ಜಪ್ಪ. ಓದುಮನೆಯ ಬಗ್ಗೆ, ಅಲ್ಲಿ ಫ್ಯಾನು ಬಹಳ ಚೆನ್ನಾಗಿದೆ, ಪುಸ್ತಕಗಳ ಕಪಾಟಿಗೆ ಮಾತ್ರ ಬೀಗ ಇರುತ್ತದೆ ಎಂದು ಗೊತ್ತಾಯಿತು. ಬೀಗದ ಕೈ ಮಕ್ಕಳ ಹತ್ತಿರ ಇರಲಿ ಎಂದು ತೀರ್ಮಾನವಾಯಿತು. ಜನ ನಗುತ್ತಿದ್ದರು. ಚಹಾ ಬಂತು.

ಆಮೇಲೆ ಕಿವಿಮನೆ. ಒಬ್ಬೊಬ್ಬರಾಗಿ ಎದ್ದು ಆ ವಾರ ತಮಗೆ ಮುಟ್ಟಿದ ಮಾತು ಹೇಳಿದರು. ಒಂದು ಕಡೆ ‘ಗಣಿತ ತಿಳಿಯುತ್ತಿಲ್ಲ’ ಎಂದು ಕಳಿಸಿದ್ದು ‘ಗಣಿತದ ಮಾಸ್ತರ ಸರಿ ಇಲ್ಲ’ ಎಂದು ಮುಟ್ಟಿತ್ತು. ಇಂಥವು ನಾಲ್ಕಾರು. ಅವನ್ನೆಲ್ಲ ನಗುತ್ತಲೇ ತಿದ್ದಿದರು. ಯಮನೂರಪ್ಪನ ಸರದಿ ಬಂದಾಗ ಅವನು ಇಸ್ತ್ರಿ ಮಾಡಿದ ಅಂಗಿ ಸರಿಪಡಿಸಿಕೊಳ್ಳುತ್ತ ಎದ್ದ.

“ನನಗ ಭಾಷಣಾ ಬರೂದಿಲ್ರಿ. ಹೊಸ್ತಿಲಕ್ಕ ದಿನಾ ಮಾತು ಮುಟ್ಟೈತಿ. ಒಂದ್ ದಿನಾನೂ ತಪ್ಪಿಲ್ಲ. ಗುರುಪಾದಪ್ಪ ಮಳ್ಯಾಗೂ ಬಂದಾನ, ಜ್ವರ ಬಂದಾಗೂ ಬಂದಾನ. ಆ ಮಾತು ಇಲ್ಲದಿದ್ರ ನಾನು ಮನ್ಯಾಗ ಬಾಯಿ ತಗೀತಿದ್ದಿಲ್ಲ. ಕಿವಿಮನಿ ಮುಚ್ಚಬ್ಯಾಡ್ರಿ. ಇಷ್ಟ.”

ಚಪ್ಪಾಳೆ ಬಿತ್ತು. ಆದರೆ ಕಿವಿಮನೆಗೆ ಬರುವ ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ಅವರೆಲ್ಲ ದಿನವೂ ಆ ಚಾಪೆಗಳ ನಡುವೆ ಕೂತಿದ್ದವರು. ಅವರು ಸಾವಂತ್ರಿಯ ಕಡೆ ನೋಡುತ್ತಿದ್ದರು. ಕಾಶಕ್ಕ ಅದನ್ನು ಗಮನಿಸಿದಳು.

“ಸಾವಂತ್ರೀ, ಎಲ್ಲಾರಿಗೂ ಕೇಳಿದಂಗ ನಿನಗೂ ಕೇಳಬೇಕವ್ವ. ಮುಟ್ಟಿದ್ದು ನೀ ಕಳಿಸಿದ್ದ ಹೌದೇನು?”

ಅವಳು ಎದ್ದಳು. ಅವಳ ದನಿಯನ್ನು ನಾನು ಅಂದೇ ಮೊದಲು ಕೇಳಿದ್ದು. ಸಣ್ಣದಾಗಿ, ಒಡೆದ ಹಾಗಿತ್ತು, ಬಹಳ ದಿನ ತೆಗೆಯದ ಬಾಗಿಲಿನ ಹಾಗೆ.

“ಅಲ್ರಿ. ಆ ಮಾತು ಯಾವೂ ನನ್ನವಲ್ಲ. ನಾನು ಒಂದೂ ಕಳಿಸಿಲ್ಲ. ಮಾಮಾ ತಾವ ಹೇಳ್ತಿದ್ರು, ನಾನು ಬಾಜೂಕ ನಿಂದರ್ತಿದ್ದೆ. ಮೊದಲ ಸಿಟ್ಟು ಬಂದಿತ್ತು. ಆದ್ರ ಮಾಮಾ ಕೇಳಿದ ಮ್ಯಾಲೆ ಅಪ್ಪ ಉತ್ತರ ಕೊಡ್ತಿದ್ದ. ಅವ್ವನ ಬಗ್ಗೆ ಹೇಳ್ತಿದ್ದ. ಅವ್ವ ಹೋದ ಮ್ಯಾಲೆ ಅಪ್ಪ ಅಷ್ಟು ಮಾತಾಡಿದ್ದು ನಾ ಕೇಳಿದ್ದಿಲ್ಲ. ಮಾಮಾ ಸುಳ್ಳು ಕೇಳ್ತಿದ್ರು, ಅಪ್ಪ ಖರೇ ಹೇಳ್ತಿದ್ದ. ನಾ ಬ್ಯಾಡ ಅಂದ್ರ ಅದು ನಿಂದರ್ತಿತ್ತು. ಅದಕ್ಕ ಸುಮ್ನಿದ್ದೆ.”

ಯಮನೂರಪ್ಪನ ಪಕ್ಕದಲ್ಲಿ ಮಾತು ಮುಟ್ಟಿಸಲು ಕೂತಿದ್ದ ಮುದುಕಿ ಬಾಯಿಗೆ ಸೆರಗು ಅಡ್ಡ ಹಿಡಿದು, ತಲೆ ಅಲ್ಲಾಡಿಸಿ, ಆಗುವುದಿಲ್ಲ ಎಂದುಬಿಟ್ಟಳು. ಗುರುಪಾದಪ್ಪ ಅಭ್ಯಾಸಬಲದಿಂದ ಎದ್ದು ಕೈಕಟ್ಟಿದ. “ನೀ ಕೂಡು ಗುರುಪಾದಪ್ಪ,” ಎಂದಳು ಕಾಶಕ್ಕ, ಗದರಿಸದೆ. “ನಿನ್ನ ಮಾತು ನೀನ ಒಯ್ಯಾಕ ಬರೂದಿಲ್ಲ.” ಅವಳು ಸುತ್ತ ನೋಡಿದಳು. ಊರಿನವರೆಲ್ಲ ಒಂದಲ್ಲ ಒಂದು ಮನೆಯ ಹೊಸ್ತಿಲು ಕಂಡವರು, ಗುರುಪಾದಪ್ಪನ ಸಂಗಾತಿಗಳು. “ತಮ್ಮಾ, ನೀ ಹೊರಗಿನಾಂವ. ನೀ ಮುಟ್ಟಸು.”

ಆಗಲೇ ಯಮನೂರಪ್ಪ ನನ್ನ ಬಾಯಿ ನೋಡತೊಡಗಿದ್ದು.

ಅವನ ಎದುರು ಹೋಗಿ ನಿಂತೆ. ಅಲ್ಲಿ ಹೊಸ್ತಿಲಿರಲಿಲ್ಲ, ಆದರೂ ಒಂದು ಹೆಜ್ಜೆ ಹಿಂದೆಯೇ ನಿಂತೆ. ಸಾವಂತ್ರಿ ತಾನಾಗಿ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳು ನನ್ನ ಕಡೆ ನೋಡಲಿಲ್ಲ. ಮೆತ್ತಗೆ ಮಾಡಬೇಕೆಂಬ ನನ್ನ ಆಸೆ ಹೋದದ್ದು ಆಗ. ಒಬ್ಬ ಒಳ್ಳೆಯ ಮನುಷ್ಯ ಅಷ್ಟು ದಿನ ಅವಳ ಬಾಯಿಗೆ ತನ್ನ ಮಾತು ಇಟ್ಟಿದ್ದ. ಅವಳು ಅದನ್ನು ಕ್ಷಮಿಸಿಯೂ ಇದ್ದಳು. ಈಗ ಕೊನೆಗೂ ಅವಳೇ ಬಾಯಿ ತೆರೆದಿರುವಾಗ ಇನ್ನೊಬ್ಬ ಒಳ್ಳೆಯವನು ಯಾಕೆ ಅಡ್ಡ ಬರಬೇಕು?

“ಅಪ್ಪಾ,” ಎಂದೆ. ನನ್ನ ಗಡ್ಡದ ಬಾಯಿಂದ ಆ ಮಾತು ಬಂದಾಗ ನಾನೂ ನಗಲಿಲ್ಲ. “ಆ ಮಾತು ಯಾವೂ ನನ್ನವಲ್ಲ.” ಒಂದಕ್ಷರ ಬಿಡದೆ ಹೇಳಿದೆ.

ಯಮನೂರಪ್ಪ ಪೂರ್ತಿ ಕೇಳಿದ. ಮಗಳ ಕಡೆ ನೋಡಿ, “ಖರೇ ಏನ ತಂಗಿ?” ಎಂದ. ಅವಳು ತಲೆ ಆಡಿಸಿದಳು. ಅವನು ಕುಸಿಯುತ್ತಾನೆ ಎಂದೋ, ಗುರುಪಾದಪ್ಪನ ಕೊರಳಪಟ್ಟಿ ಹಿಡಿಯುತ್ತಾನೆ ಎಂದೋ ನಾವೆಲ್ಲ ಕಾದೆವು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು, “ಹೌದಾ” ಎಂದಷ್ಟೇ ಅಂದು ಕೂತುಬಿಟ್ಟ.

ಕಾಯ್ದೆಯ ಮಾತು ಬಂತು. ದೊಡ್ಡವರು ಗುಸುಗುಸು ಶುರುಮಾಡಿದರು. ಕೆಲವರು ಕಿವಿಮನೆಯನ್ನೇ ಮುಚ್ಚಿಬಿಡೋಣ, ಹೆಸರು ಕೆಟ್ಟಿತು ಎಂದರು. ಗುರುಪಾದಪ್ಪ ನೆಲ ನೋಡುತ್ತ ಕೂತಿದ್ದ. ಕಾಶಕ್ಕ ಮಕ್ಕಳಿಗೆ, “ನೀವು ಮೊದಲ ಹೇಳ್ರಿ” ಎಂದಳು. ಮಕ್ಕಳು ಮೂಲೆಯಲ್ಲಿ ತಲೆ ಕೂಡಿಸಿ ಬಹಳ ಹೊತ್ತು ಜಗಳಾಡಿದರು. ಸಾವಂತ್ರಿಯೂ ಅವರ ನಡುವೆ ಇದ್ದಳು. ಆಮೇಲೆ ಅಜ್ಜಪ್ಪ ಹುಬ್ಬು ಗಂಟಿಕ್ಕಿಕೊಂಡು ಬಂದ.

“ಗುರುಪಾದ ಮಾಮಾ ಇನ್ನ ಮ್ಯಾಲೆ ಮಾತು ಮುಟ್ಟಸಾಂಗಿಲ್ಲ. ಆದ್ರ ಚಾಪಿ ಬಿಡಾಂಗಿಲ್ಲ. ಅವರು ಕೇಳೂದು ಭಾಳ ಛಲೋ ಕೇಳ್ತಾರ. ಅವರು ಕೇಳಬೇಕು, ಬ್ಯಾರೆಯವರು ಒಯ್ಯಬೇಕು. ಮತ್ತ ಇನ್ನೊಂದು. ಯಾರರ ಏನೂ ಹೇಳದಿದ್ದ ದಿನಾನೂ ಒಬ್ರು ಆ ಮನಿಗೆ ಹೋಗಬೇಕು. ಹೋಗಿ, ಇವತ್ತ ನನ್ನ ಕಡೆ ಮಾತಿಲ್ಲ ಅಂತ ಹೇಳಿ ಸ್ವಲ್ಪ ಹೊತ್ತು ನಿಂದರಬೇಕು. ಲಗೂನ ಬರಾಂಗಿಲ್ಲ.”

“ಯಾಕ ನಿಂದರಬೇಕು?” ಯಾರೋ ಕೇಳಿದರು.

“ಮನಿಯವರು ಏನರ ಹೇಳಿದ್ರ? ಹುಡುಗರಿಗೆ ಕೇಳ್ತೈತೆಲ್ಲ.”

ಹಾಗೆಯೇ ಆಯಿತು. ಜನ ಎದ್ದು ಹೊರಡುವಾಗ ಯಮನೂರಪ್ಪ ಗುರುಪಾದಪ್ಪನ ಬಳಿಗೆ ಹೋದ. ಗುರುಪಾದಪ್ಪ ತಲೆ ಎತ್ತಲಿಲ್ಲ. “ಸಂಜೀಕ ಬಾ,” ಎಂದ ಯಮನೂರಪ್ಪ. “ಈಗೇನು ಮಾತು ಮುಟ್ಟಸೂದಿಲ್ಲ ನೀನು. ಹೊಸ್ತಿಲದಾಗ ಯಾಕ ನಿಂದರ್ತಿ? ಒಳಗ ಬಾ. ರೊಟ್ಟಿ ಮಾಡಿರ್ತೀನಿ.” ಆ ದೊಡ್ಡ ಮೀಸೆ ಅದುರುವುದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಭಟ್ಟಿಗಳ ಹೊಗೆ ನೇರವಾಗಿ ಏಳುತ್ತಿತ್ತು.

ವರದಿ ಬರೆಯುವುದಕ್ಕೆಂದು ನಾನು ಬೇಸಿಗೆಯವರೆಗೂ ಅಲ್ಲಿಯೇ ಉಳಿದೆ. ಬರೆದದ್ದು ಕಡಿಮೆ, ಕಿವಿಮನೆಯಲ್ಲಿ ಕೂತದ್ದೇ ಹೆಚ್ಚು. ಎಂಟನೆಯ ಪರೀಕ್ಷೆ ಮುಗಿದು ಕೆಲವು ದಿನಗಳಾದ ಮೇಲೆ ಕ್ವಾರಿ ಹೊಂಡದ ಬಳಿ ಸಾವಂತ್ರಿ ಸಿಕ್ಕಳು. ತಲೆಯಿಂದ ನೀರು ಸೋರುತ್ತಿತ್ತು. ಈಗ ಅವಳೂ ಖಾದರಸಾಬನ ಬೈಗುಳ ತಿನ್ನತೊಡಗಿದ್ದಳು. “ದನಿ ಕೇಳಿಸಿತೇ ಅಪ್ಪನಿಗೆ?” ಎಂದು ಕೇಳಿದೆ.

“ಹೂಂ ಸರ. ನಿನ್ನೆ ಮುಂಜಾನೆ. ನಾನು ಅಪ್ಪಾ ಹಾಲು ಉಕ್ಕಾಕತ್ತೈತಿ ಅಂದೆ. ಅಪ್ಪ ಸುಮ್ನ ನಿಂತ, ನನ್ನ ನೋಡ್ಕೋತ. ಹಾಲೆಲ್ಲಾ ಒಲಿಗೆ ಹೋತು.” ಅವಳು ನಕ್ಕಳು. ಆಮೇಲೆ ಕಲ್ಲೊಂದನ್ನು ಎತ್ತಿ ನೀರಿಗೆ ಎಸೆದು, “ಅಪ್ಪಗ ಮರವು ಆಗೇತಿ ಸರ” ಎಂದಳು.

“ಯಾಕೆ?”

“ನೀವು ನಮ್ಮ ಮನಿಗೆ ಬಂದ ದಿನ ಮಾಮಾ, ಅಪ್ಪನ ಕೈ ಸುಟ್ಟಿದ್ದು ಕೇಳಿದ್ರಲ್ಲ. ಅವತ್ತ ನಾನೂ ಭಟ್ಟಿಗೆ ಹೋಗಿದ್ದೆ, ಅವ್ವನ ಕೂಡ. ಸುಣ್ಣದ ತಿಳಿ ತಂದು ಹಚ್ಚಿದಾಕಿ ನಾನ. ಓಡಿ ಬರೂವಾಗ ಕೈ ನಡುಗಿ ಅರ್ಧ ಚಲ್ಲಿದ್ದೆ. ಮಾಮಾಗೇನು ಗೊತ್ತು, ಅವರು ಬ್ಯಾರೆ ಓಣಿಯವರು. ಅಪ್ಪ ಮಾತ್ರ ಎಲ್ಲಾ ಹೇಳಿದ, ನನ್ನ ಹೆಸರು ಹೇಳಲಿಲ್ಲ. ಮರತಾನ.”

ಅವಳು ಮತ್ತೆ ನೀರಿಗೆ ಹಾರಿದಳು. ನಾನು ದಂಡೆಯ ಮೇಲೆ ಕೂತು ಆ ಸಂಜೆಯನ್ನು ಇನ್ನೊಮ್ಮೆ ನೋಡಿದೆ. ಅವನು ಕೈ ತಿರುಗಿಸಿದ್ದು, ಮಗಳನ್ನು ನೋಡಿದ್ದು, ಗುರುಪಾದಪ್ಪನನ್ನು ನೋಡಿದ್ದು, ಆ ಉದ್ದನೆಯ ಮೌನ. ತಂದವರ ಕೈ ನಡುಗುತ್ತಿತ್ತು, ಅರ್ಧ ತಿಳಿ ಚೆಲ್ಲಿತ್ತು ಎಂದು ನಗುತ್ತ ಹೇಳಿದವನು ಯಾರ ಕೈ ಎಂಬುದನ್ನು ಮರೆತಿರಲಿಲ್ಲ. ಆ ಕಲೆ ಹೇಗಾಯಿತೆಂದು ಕೇಳುವ ಅಗತ್ಯ ಇಲ್ಲದಿದ್ದವಳು ಜಗತ್ತಿನಲ್ಲಿ ಅವನ ಮಗಳೊಬ್ಬಳೇ. ‘ನೀನೇ ಇದ್ದೆಯಲ್ಲ’ ಎಂದಿದ್ದರೆ ಹೊಸ್ತಿಲಾಚೆ ಕೈಕಟ್ಟಿ ನಿಂತವನು ಅಲ್ಲಿಯೇ ಸಿಕ್ಕಿಬೀಳುತ್ತಿದ್ದ.

ನಾನು ಊರು ಬಿಡುವ ದಿನ ಯಮನೂರಪ್ಪ ಬಸ್‌ಸ್ಟ್ಯಾಂಡಿಗೆ ಬಂದಿದ್ದ, ಗುರುಪಾದಪ್ಪನ ಜೊತೆ. ಇಬ್ಬರೂ ಒಂದೇ ಎಲೆಯಡಿಕೆ ಹಂಚಿಕೊಂಡು ತಿನ್ನುತ್ತಿದ್ದರು. ಗುರುಪಾದಪ್ಪ ನನ್ನ ಬಸ್ಸಿನ ಹೆಸರನ್ನು ಹಳೆಯ ದನಿಯಲ್ಲಿ ಒಮ್ಮೆ ಕೂಗಿದ. ಯಮನೂರಪ್ಪ ನನ್ನ ಚೀಲ ಮೇಲಿಟ್ಟು, ಹುಷಾರು ಎಂದ, ಮುಂದಿನ ವರ್ಷ ಬಾ ಎಂದ. ಹೊಸ್ತಿಲಿಗೆ ಮುಟ್ಟಿದ ಆ ಮಾತುಗಳು ಮಗಳವಲ್ಲ ಎಂದು ತನಗೆ ಗೊತ್ತಿತ್ತೆಂದು ಅವನು ಹೇಳಲಿಲ್ಲ. ಸಭೆಯಲ್ಲೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ.